ಉಣುಗು ಎಂದು ಹುಡುಕಿದರೆ

ಶಂಕರಘಟ್ಟದ ಲೈಬ್ರರಿಯ ಎರಡನೇ ಮಹಡಿ,
ಹನ್ನೆರಡು ಕಂಪ್ಯೂಟರು, ಒಂಬತ್ತಕ್ಕೆ ಜೀವ.
ಶನಿವಾರ ಹತ್ತೂವರೆ. ಹಾಜರಿ ಹಾಳೆಯಲ್ಲಿ
ಹತ್ತೊಂಬತ್ತು ಸಹಿ, ಕುರ್ಚಿಯಲ್ಲಿ ಹದಿಮೂರು ಜನ.
ಬಾರದವರ ಸಹಿ ಗೆಳೆಯರೇ ಹಾಕಿದ್ದಾರೆ.
ಕೃತಿಚೌರ್ಯದ ಪಾಠ ಕೊನೆಗಿದೆ,
ಇರಲಿ ಎಂದು ಸುಮ್ಮನಾದೆ.

ಇಪ್ಪತ್ತಾರು ವರ್ಷ ಪುಸ್ತಕಕ್ಕೆ ತಾರೀಖು ಒತ್ತಿದ ಕೈ ಇದು.
ಹುಡುಕುವುದನ್ನು ಕಲಿಸಿ ಅಂದಾಗ ನಗು ಬಂದಿತ್ತು:
ಕಳೆದದ್ದನ್ನು ಹುಡುಕಲು ಯಾರಿಗೆ ಬರುವುದಿಲ್ಲ?
ಆಮೇಲೆ ತಿಳಿಯಿತು, ಕಳೆಯದೇ ಇದ್ದದ್ದನ್ನು,
ಯಾರೋ ಬೇರೆ ಹೆಸರಲ್ಲಿ ಎತ್ತಿಟ್ಟದ್ದನ್ನು
ಹುಡುಕುವುದು ಬೇರೆಯೇ ಕೆಲಸ.

'ಪದ ಬರೀರಿ, ವಾಕ್ಯ ಬೇಡ.'
ಜಬೀವುಲ್ಲಾ ಬರೆದ: ಭದ್ರಾ, ಮೀನು, ಕಾರ್ಖಾನೆ.
ಅರ್ಥಶಾಸ್ತ್ರದ ಹುಡುಗ ಬರೆದ: ಬಡತನ. ಅದೊಂದೇ.
ನಾಲ್ಕು ಲಕ್ಷ ಫಲಿತಾಂಶ ಬಂದು ಕಂಗಾಲಾದ.
'ಮತ್ತು' ಹಾಕಿದರೆ ಕಡಿಮೆಯಾಗುತ್ತದೆ ಮಾರಾಯ,
'ಅಥವಾ' ಹಾಕಿದರೆ ಹೆಚ್ಚು.
'ಮನೇಲಿ ಉಲ್ಟಾ ಅಲ್ವಾ ಮೇಡಂ?' ಅಂದ.
ಅಲ್ಲ ಅನ್ನಲಾಗಲಿಲ್ಲ.

ಕಿಟಕಿ ಪಕ್ಕದ ಸುಕನ್ಯಾ, ಸೊರಬದ ಕಡೆಯ ಟೀಕಪ್ಪನ ಮಗಳು,
ಸಮಾಜಶಾಸ್ತ್ರ, ಸಂಶೋಧನೆಯ ಮೊದಲ ವರ್ಷ,
ಬರೆದದ್ದು ಒಂದೇ ಪದ: ಉಣುಗು.
ಸೊನ್ನೆ.
ಉಣ್ಣಿ ಎಂದು ಬರೆಸಿದೆ. ದನದ ಔಷಧಿಯ ಕರಪತ್ರ.
ಮಂಗನ ಕಾಯಿಲೆ ಎಂದು ಬರೆಸಿದೆ. ಏಳು:
ನಾಲ್ಕು ಪತ್ರಿಕೆಯ ತುಣುಕು, ಎರಡು ಅದೇ ತುಣುಕಿನ ನಕಲು,
ಇನ್ನೊಂದು ತೆರೆಯಲೇ ಇಲ್ಲ.

'ಡಾಕ್ಟರು ಬರೆಯೋ ಹೆಸರು ಹಾಕು.'
ಕೆ, ವೈ, ಎ. ಬೆರಳು ನಿಂತಿತು.
'ಮೇಡಂ, ಇದು ಕ್ಯಾಸನೂರಲ್ವಾ?
ನಮ್ಮ ಚಿಕ್ಕಮ್ಮನ್ನ ಕೊಟ್ಟ ಊರು.'
ಹೌದು, ಒತ್ತು.
ಸಾವಿರ ದಾಟಿತು. ಪುಣೆ, ದಿಲ್ಲಿ, ಕಡಲಾಚೆಯ ಪ್ರಯೋಗಶಾಲೆಗಳು,
ಇಲಿಯ ರಕ್ತ, ಮಂಗನ ಮೆದುಳು, ನಕ್ಷೆಯಲ್ಲಿ ಕೆಂಪು ಚುಕ್ಕಿ.
ಎಲ್ಲ ಕಡೆ ಚಿಕ್ಕಮ್ಮನ ಊರು,
ಎಲ್ಲ ಕಡೆ ಮೂರಕ್ಷರಕ್ಕೆ ಮೊಟಕು.
ಬೀಗರೂರು ಹೀಗೆ ಪರದೇಶದಲ್ಲಿ
ಜ್ವರವಾಗಿ ಓಡಾಡುವುದನ್ನು
ಬಾಯಿಗೆ ಕೈಯಿಟ್ಟು ನೋಡಿದಳು. ಆಮೇಲೆ ಮೊದಲನೆಯದನ್ನು ಒತ್ತಿದಳು.
ಪೂರ್ತಿ ಓದಲು ನಲವತ್ತು ಡಾಲರು.
'ನಮ್ಮ ಕಾಯಿಲೆ ಓದೋಕೆ ನಾವೇ ದುಡ್ಡು ಕೊಡಬೇಕಾ?'
ಬರೆದವರಿಗೇ ಪತ್ರ ಹಾಕುವ ದಾರಿ ತೋರಿಸಿದೆ.
ಎಷ್ಟೋ ಜನ ಕಳಿಸುತ್ತಾರೆ, ಒಳ್ಳೆಯವರು.

ಚಿತ್ರಾನ್ನ ಆದ ಮೇಲೆ ಉಲ್ಲೇಖದ ಪಾಠ.
ಹೇಳಿದವರು ಯಾರು, ಯಾವಾಗ, ಎಲ್ಲಿ. ಅಲ್ಪವಿರಾಮ, ಚುಕ್ಕಿ.
ಸುಕನ್ಯಾ ಎದ್ದು ನಿಂತಳು:
'ದರಗು ತರೋಕೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿ,
ಬಂದಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ,
ಮಂಗ ಬಿದ್ದ ಮರದ ಕಡೆ ಸುಳೀಬೇಡಿ ಅಂದವಳು ಅಮ್ಮ.
ಇಲಾಖೆ ಜೀಪು ಬರೋಕೆ ಮುಂಚೇನೇ ಅಂದವಳು.
ಅವಳನ್ನ ಹ್ಯಾಗೆ ಹಾಕೋದು?'

ನಿಯಮವಿದೆ, ಬಾಯಿಮಾತಿಗೂ.
ಮೊದಲಕ್ಷರ, ಕೊನೆಯ ಹೆಸರು, ವೈಯಕ್ತಿಕ ಸಂವಹನ, ತಾರೀಖು.
ಬರಹದ ಒಳಗೆ ಮಾತ್ರ. ಕೊನೆಯ ಪಟ್ಟಿಗೆ ಸೇರುವುದಿಲ್ಲ,
ಬೇರೆಯವರು ಹುಡುಕಿದರೆ ಸಿಗುವುದಿಲ್ಲವಲ್ಲ, ಅದಕ್ಕೆ.
'ಸಿಗ್ತಾಳೆ ಮೇಡಂ. ರಾತ್ರಿ ಎಂಟರ ಮೇಲೆ ಫೋನ್ ಮಾಡಿದ್ರೆ.'
ಕೊನೆಯ ಹೆಸರು?
'ಇಲ್ಲ. ಬರೀ ಹುಚ್ಚಮ್ಮ.'
ತಾರೀಖು?
'ಯಾವ ಸಲದ್ದು ಹಾಕಲಿ?'

ನಾಲ್ಕಕ್ಕೆ ಎಲ್ಲ ಬಸ್ಸಿಗೆ ಓಡಿದರು.
ಹಳೆಯ ಕಾರ್ಡಿನ ಡ್ರಾಯರು ನಮ್ಮಲ್ಲಿನ್ನೂ ಇದೆ,
ಮೇಲೆ ಕುಡಿಯುವ ನೀರಿನ ಕ್ಯಾನು ಇಡುತ್ತೇವೆ.
ಎಳೆದೆ. ತೂತಿನ ಹಳದಿ ಕಾರ್ಡೊಂದು ಖಾಲಿ ಸಿಕ್ಕಿತು.
ಶಾಯಿಯಲ್ಲಿ ಬರೆದೆ:
ಉಣುಗು. ನೋಡಿ: ಕ್ಯಾಸನೂರು.
ಕೆಳಗೆ ಸ್ವಲ್ಪ ಜಾಗವಿತ್ತು:
ಹುಚ್ಚಮ್ಮ, ಎಂಟರ ಮೇಲೆ.
ಸೋಮವಾರ ಕಂಪ್ಯೂಟರಿಗೂ ತುಂಬಬೇಕು.
ಅದಕ್ಕೆ ಯಾರ ಅನುಮತಿ ಬೇಕೋ, ಹುಡುಕಬೇಕು.